ಎಂಟೂವರೆ ಅಡಿ ಸೈಲೆನ್ಸರ್

ಕ್ಯಾಂಟನ್, ಮಿಶಿಗನ್
ಜನವರಿ 19, 2010, ಮಂಗಳವಾರ

ಚಿ. ಸೌ. ಪ್ರಭಾಳಿಗೆ,

ಅಪ್ಪನ ಆಶೀರ್ವಾದಗಳು. 'ನಾವಿಬ್ಬರೂ ಇಲ್ಲಿ ಕ್ಷೇಮ' ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣುತ್ತಿರಬೇಕು. ಬೇರೆ ಹಾಳೆ ತೆಗೆದುಕೊಳ್ಳೋಣವೆಂದರೆ ಧೃತಿ ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಉಳಿದಿರುವ ಹಾಳೆಗಳೇ ಕಡಿಮೆ.

ಲಕೋಟೆಯಲ್ಲಿ ಕಾಗದದ ಜೊತೆ ಬಟ್ಟೆಯಲ್ಲಿ ಹೊಲಿದ ಒಂದು ಪುಟ್ಟ ಪೊಟ್ಟಣ ಇದೆ. ಅದನ್ನು ಈಗಲೇ ಬಿಚ್ಚಬೇಡ. ಓದಿ ಮುಗಿಸಿದ ಮೇಲೆ ಬಿಚ್ಚು. ಇದೊಂದು ಮಾತು ನಡೆಸಿಕೊಡು.

ಫೋನ್ ಇರುವಾಗ ಕಾಗದವೇಕೆ ಎಂದು ಕೇಳುತ್ತೀಯ. ಫೋನು ಅಡುಗೆಮನೆಯ ಗೋಡೆಯ ಮೇಲಿದೆ, ಸತ್ಯ ಕೂರುವುದು ಅದರ ಪಕ್ಕದ ಕುರ್ಚಿಯಲ್ಲಿ. ಎರಡನೆಯದಾಗಿ, ಫೋನಿನಲ್ಲಿ ನೀನು "ಅಪ್ಪ, ಪಾಯಿಂಟಿಗೆ ಬನ್ನಿ" ಅನ್ನುತ್ತೀಯ. ಕಾಗದ ಹಾಗನ್ನುವುದಿಲ್ಲ. ಅಳಿಯನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡ. ನೀನು ಕೆಲಸಕ್ಕಾಗಿ ಮಗು ಧೃತಿಯನ್ನು ಕರೆದುಕೊಂಡು ವುಡ್‌ರಿಡ್ಜ್‌ಗೆ ಹೋದಮೇಲೆ ಏಳು ತಿಂಗಳಿಂದ ಇಬ್ಬರೇ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದೇವೆ. ಬಹುವಚನ ಎಲ್ಲೋ ಸೀದುಹೋಯಿತು.

ವಿತ್ ರೆಫರೆನ್ಸ್ ಟು ದ ಅಬವ್, ಅಂದರೆ ಸಂಕ್ರಾಂತಿಯ ದಿನ ಫೋನಿನಲ್ಲಿ ಆದ ಜಗಳದ ವಿಷಯಕ್ಕೆ ಬರುತ್ತೇನೆ. ಎಳ್ಳುಬೆಲ್ಲದ ದಿನ ನೀನು ಅಷ್ಟು ಗಟ್ಟಿಯಾಗಿ ಮಾತಾಡಬಾರದಿತ್ತು, ನಾನೂ ಫೋನಿಡಬಾರದಿತ್ತು. ಸತ್ಯನ ಡೀಸೆಲ್ ಪಿಕಪ್ಪಿಗೆ ಸ್ಟ್ಯಾಕ್ ಹಾಕಿಸಬೇಕೋ ಬೇಡವೋ ಎಂಬುದು ಪ್ರಶ್ನೆ. ನಿನಗೆ ಸರಿಯಾಗಿ ಅರ್ಥವಾಗಿತ್ತೋ ಇಲ್ಲವೋ. ಗಾಡಿಯ ಹೊಟ್ಟೆಯ ಕೆಳಗೆ ಮಲಗಿರುವ ಸೈಲೆನ್ಸರ್ ಪೈಪನ್ನು ಕತ್ತರಿಸಿ, ಹಿಂದೆ ಸಾಮಾನು ತುಂಬುವ ತೊಟ್ಟಿಯ ತಳಕ್ಕೆ ಎರಡು ತೂತು ಕೊರೆದು, ಅಲ್ಲಿಂದ ಎರಡು ಉಕ್ಕಿನ ಕೊಳವೆಗಳನ್ನು ಕ್ಯಾಬಿನ್ ಬೆನ್ನಿಗೆ ನೆಟ್ಟಗೆ ನಿಲ್ಲಿಸುವುದು. ದೊಡ್ಡ ಲಾರಿಗಳಿಗೆ ಇರುತ್ತದಲ್ಲ, ಹಾಗೆ. ಹೊಗೆ ಆಕಾಶಕ್ಕೆ ಹೋಗುತ್ತದೆ.

ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಕೆಲಸ ಹೋಗಿ ಹದಿನಾಲ್ಕು ತಿಂಗಳಾಯ್ತು, ಮನೆ ಮಾರಾಟ ಆಗ್ತಿಲ್ಲ, ಇಂಥ ಟೈಮಲ್ಲಿ ಟ್ರಕ್ಕಿಗೆ ಕೊಂಬು ಬೇಕಾ? ಅವರಿಗೆ ಬುದ್ಧಿ ಇಲ್ಲ ಅಂದ್ರೆ ನಿಮಗೂ ಇಲ್ವಾ ಅಪ್ಪ? ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಏನು ಮಾಡಿದ್ರಿ?" ಆಮೇಲೆ ಧೃತಿ ಫೋನು ಕಸಿದುಕೊಂಡು "ತಾತ, ದಟ್ ಈಸ್ ಸೋ ರೆಡ್‌ನೆಕ್" ಅಂದಳು. ಕೆಂಪು ಕುತ್ತಿಗೆ ಅಂದರೇನಪ್ಪಾ ಎಂದು ಸತ್ಯನನ್ನೇ ಕೇಳಿದೆ. ಅವನು ನಕ್ಕುಬಿಟ್ಟ. ಪ್ರಭಾ, ಅವನು ನಕ್ಕ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದಮೇಲೆ, ಅಂದರೆ ನವೆಂಬರಿನಿಂದೀಚೆ, ಅವನ ಹಲ್ಲು ನೋಡಿದ್ದು ಅದೇ ಮೊದಲು. ಕುತ್ತಿಗೆ ಸವರಿಕೊಂಡು, "ಇಲ್ಲಿನ ಹಳ್ಳಿಗಾಡಿನ ಬಿಳಿಯರನ್ನ ಹಾಗೆ ಆಡಿಕೊಳ್ತಾರೆ. ನಮ್ಮದು ಬ್ರೌನ್, ಮಾವ, ನಮಗೆ ಲೈಸೆನ್ಸ್ ಕೊಡಲ್ಲ" ಅಂದ.

ಇನ್ನು ಸ್ಟ್ಯಾಕಿನ ಪರವಾಗಿ ಟೆಕ್ನಿಕಲ್ ಪಾಯಿಂಟುಗಳು. ಒಂದು, ಹೊಗೆ ಮೇಲೆ ಹೋಗುವುದರಿಂದ ಹಿಂದೆ ನಿಂತು ಸಾಮಾನು ಏರಿಸುವವರ ಮೂಗಿಗೆ ಬಡಿಯುವುದಿಲ್ಲ. ಎರಡು, ಎಂಜಿನ್ನಿಗೆ ಉಸಿರಾಟ ಸಲೀಸು. ಮೂರು, ಒಂದು ದಿನ ಸತ್ಯ ಗರಾಜಿನಲ್ಲಿ ಎಂಜಿನ್ ಬೆಚ್ಚಗೆ ಮಾಡುತ್ತಿದ್ದಾಗ ಹೊಗೆ ಅಡುಗೆಮನೆಗೇ ನುಗ್ಗಿಬಿಟ್ಟಿತು. ಸ್ಟ್ಯಾಕ್ ಇದ್ದರೆ ಆ ತೊಂದರೆ ಇರುವುದಿಲ್ಲ. ಇಪ್ಸಿಲಾಂಟಿಯ ಡೀಸೆಲ್ ವರ್ಕ್‌ಶಾಪಿನ ಮುದುಕ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ತನ್ನಿ ಎಂದಿದ್ದಾನೆ. ಖರ್ಚು ನನ್ನದು, ಅದರ ಮಾತು ನೀನು ಎತ್ತಬೇಡ.

ಮೇಲಿನ ಪ್ಯಾರಾ ಮತ್ತೊಮ್ಮೆ ಓದಿದೆ. ಎರಡನೇ ಪಾಯಿಂಟು ಶುದ್ಧ ಸುಳ್ಳು. ಇದ್ದ ಹಾಗೆಯೇ ಆ ಎಂಜಿನ್ ಚೆನ್ನಾಗಿ ಉಸಿರಾಡುತ್ತಿದೆ. ನನ್ನ ಡಿಪೋದಲ್ಲಿ ಯಾವನಾದರೂ ಇಂಥ ಯೋಚನೆ ತಂದಿದ್ದರೆ ಮೆಮೊ ಕೊಟ್ಟು ಮನೆಗೆ ಕಳಿಸುತ್ತಿದ್ದೆ. ತೊಟ್ಟಿಯಲ್ಲಿ ಒಂದು ಅಡಿ ಜಾಗ ದಂಡ, ಮಳೆ ನೀರು ಕೊಳವೆಗೆ ಇಳಿಯುತ್ತದೆ, ಸದ್ದು ಬೀದಿಗೆಲ್ಲ ಕೇಳುತ್ತದೆ, ಪೊಲೀಸಿನವನು ತಡೆದು ಕೇಳಿದರೆ ಉತ್ತರ ಕೊಡಬೇಕು. ನೀನು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ.

ಸತ್ಯ ಹಠ ಹಿಡಿದಿದ್ದಾನೆ ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದೂ ಸುಳ್ಳು. ಹಠ ನನ್ನದು. ಆಯಿಲ್ ಬದಲಿಸಲು ಹೋದಾಗ ಆ ವರ್ಕ್‌ಶಾಪಿನಲ್ಲಿ ಸ್ಟ್ಯಾಕ್ ಹಾಕಿದ ಗಾಡಿಯೊಂದು ನಿಂತಿತ್ತು. ಅದನ್ನು ನೋಡುತ್ತ ನಿಂತ ನಾನು, ಇದನ್ನು ನಮ್ಮದಕ್ಕೂ ಹಾಕಿಸೋಣ ಅಂದೆ. ಸತ್ಯ ನನ್ನ ಮುಖ ನೋಡಿದ. ಅರವತ್ತೊಂಬತ್ತರ ಮುದುಕನಿಗೆ ಶೋಕಿ ಬಂತಲ್ಲ ಎಂದುಕೊಂಡಿರಬೇಕು. "ನಿಮಗೆ ಇಷ್ಟ ಆದರೆ ಹಾಕಿಸೋಣ, ಮಾವ" ಅಂದ. ಈಚೆಗೆ ಅವನು ಯಾವುದಕ್ಕೂ ಬೇಡ ಅನ್ನುವುದಿಲ್ಲ. ಉಪ್ಪಿಲ್ಲದ ಹುಳಿ ಬಡಿಸಿದರೂ ಚೆನ್ನಾಗಿದೆ ಅನ್ನುತ್ತಾನೆ. ನನಗೆ ಅದೇ ಭಯ.

ಲೆಟ್ ಮಿ ಡೈಗ್ರೆಸ್, ನಮ್ಮ ಇಂಗ್ಲಿಷ್ ಲೆಕ್ಚರರು ಪದೇ ಪದೇ ಹೇಳುತ್ತಿದ್ದ ಮಾತು, ಅವರ ಹೆಸರು ಮರೆತಿದೆ. ಈ ಗಾಡಿ ಕೊಂಡ ಹೊಸತರಲ್ಲಿ ಸತ್ಯ ಹೇಗಿದ್ದ ನೆನಪು ಮಾಡಿಕೋ. ಇಪ್ಪತ್ತು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ಕಾರಿನ ಬಾಗಿಲುಗಳ ನಕ್ಷೆ ಬರೆದವನು, ಕಂಪನಿ ಕಳಿಸಿಬಿಟ್ಟಾಗ ಕುಗ್ಗಲಿಲ್ಲ. ಜೊತೆಯಲ್ಲಿ ಕೆಲಸ ಕಳೆದುಕೊಂಡವನಿಂದ ಈ ಪಿಕಪ್ ಕೊಂಡ. ನಿಮ್ಮ ಕಡೆಯ ಲೆಮಾಂಟ್ ದೇವಸ್ಥಾನಕ್ಕೆ ಪೂಜೆಗೆ ತಂದಾಗ ಅಷ್ಟೆಲ್ಲ ಕ್ಯಾಮ್ರಿ ಕಾರುಗಳ ನಡುವೆ ಇದೊಂದು ಆನೆ. ಅರ್ಚಕರು ನಾಲ್ಕು ಚಕ್ರಕ್ಕೆ ನಿಂಬೆಹಣ್ಣಿಟ್ಟು, "ಸಾರ್, ಇದಕ್ಕೆ ತೆಂಗಿನಕಾಯಿ ಸಾಲದು, ಕುಂಬಳಕಾಯೇ ಬೇಕಿತ್ತು" ಅಂದಿದ್ದರು. ಧೃತಿ ನಾಚಿಕೊಂಡು ಚಪ್ಪಲಿ ಬಿಡುವ ಕಡೆ ಹೋಗಿ ನಿಂತಿದ್ದಳು. ಸತ್ಯ ಕುಂಕುಮ ಹಚ್ಚಿಕೊಂಡೇ ಮನೆವರೆಗೂ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಿದ.

ಅವನ ಈಗಿನ ಕೆಲಸ ಏನೆಂದು ನಿನಗೆ ಗೊತ್ತು, ಆದರೆ ನೋಡಿಲ್ಲ. ಬ್ಯಾಂಕು ಕಿತ್ತುಕೊಂಡ ಮನೆಗಳಲ್ಲಿ ಜನ ಬಿಟ್ಟುಹೋದ ಸಾಮಾನನ್ನೆಲ್ಲ ಹೊರಗೆಳೆದು ಗಾಡಿಗೆ ತುಂಬಿ ಕಸದ ಗುಡ್ಡೆಗೆ ಸುರಿದು ಬರುವುದು. ಎರಡು ಸಲ ನಾನೂ ಹೋಗಿದ್ದೆ. ಸೋಫಾ, ಹಾಸಿಗೆ, ಮಕ್ಕಳ ಸೈಕಲ್ಲು, ಫ್ರಿಜ್ಜಿನೊಳಗೆ ಕೊಳೆತ ಊಟ. ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತು ಮಾಡಿದ ಪೆನ್ಸಿಲ್ ಗೀಟುಗಳು. ಸತ್ಯ ಅವನ್ನು ಒರೆಸುವುದಿಲ್ಲ. ಒರೆಸುವುದು ಕಾಂಟ್ರಾಕ್ಟಿನಲ್ಲಿ ಇಲ್ಲ ಅನ್ನುತ್ತಾನೆ.

ಡಿಸೆಂಬರ್ ಎರಡನೇ ವಾರ ನೊವೈ ಕಡೆ ಒಂದು ಮನೆ. ಅವನೊಬ್ಬನೇ ಹೋಗಿದ್ದ. ಅಡುಗೆಮನೆಯ ಪ್ಯಾಂಟ್ರಿ ಬಾಗಿಲು ತೆಗೆದರೆ ಒಳಗೆ ದೇವರ ಗೂಡು. ಪಟಗಳನ್ನು ತೆಗೆದುಕೊಂಡು ಹೋಗಿದ್ದಾರೆ, ಶೆಲ್ಫಿನ ಮೇಲೆ ಅರಿಶಿನ ಕುಂಕುಮದ ಕಲೆ, ಎಣ್ಣೆಯ ಜಿಡ್ಡು. ಮೂಲೆಯಲ್ಲಿ ಹೆಬ್ಬೆರಳಷ್ಟು ಎತ್ತರದ ಹಿತ್ತಾಳೆ ದೀಪ ಮರೆತುಬಿಟ್ಟಿದ್ದಾರೆ. ಯಾರೆಂದು ಗೊತ್ತಿಲ್ಲ. ನಮ್ಮವರೇ ಯಾರೋ. ಕನ್ನಡ ಕೂಟದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರೇ ಇರಬಹುದು. ಅವತ್ತು ಸಂಜೆ ಸತ್ಯ ಬಂದು ಆ ದೀಪವನ್ನು ಟೇಬಲ್ಲಿನ ಮೇಲಿಟ್ಟು, "ಇದನ್ನ ಕಸಕ್ಕೆ ಹಾಕೋಕಾಗಲಿಲ್ಲ, ಮನೆಯೊಳಗೆ ಇಟ್ಕೊಳ್ಳೋಕೂ ಭಯ" ಅಂದ. ಆಮೇಲೆ ಅದನ್ನು ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ. ಅವತ್ತಿನಿಂದ ಅವನ ಮಾತು ನಿಂತಿತು. ಎರಡು ವಾರಕ್ಕೊಮ್ಮೆ ನಿಮ್ಮನ್ನು ನೋಡಲು ವುಡ್‌ರಿಡ್ಜ್‌ಗೆ ಬರುತ್ತಿದ್ದವನು ಬರುವುದು ಬಿಟ್ಟ. ಕೆಲಸ ಜಾಸ್ತಿ ಎಂದು ನಿನಗೆ ಹೇಳಿದ್ದು ನಾನು. ಕೆಲಸ ಇರಲಿಲ್ಲ, ಇದ್ದದ್ದನ್ನೂ ಅವನು ಬೇರೆಯವರಿಗೆ ಬಿಟ್ಟುಕೊಟ್ಟ.

ಈಗ ಮೂರನೇ ಪಾಯಿಂಟು. ಇಲ್ಲಿಯವರೆಗೆ ಓದಿದ್ದೀಯಲ್ಲ, ಎದ್ದು ಒಂದು ಲೋಟ ನೀರು ಕುಡಿದು ಬಾ.

ಜನವರಿ ಐದು, ಬೆಳಗಿನ ಹತ್ತೂವರೆ. ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಎಂಜಿನ್ ಸದ್ದು ಕೇಳಿಸಿತು. ಡಿಪೋದಲ್ಲಿ ಕಣ್ಣು ಮುಚ್ಚಿಕೊಂಡೇ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುತ್ತಿದ್ದವನು ನಾನು. ಬಯಲಿನಲ್ಲಿ ನಿಂತ ಗಾಡಿಯ ಸದ್ದು ಹರಡಿ ಹೋಗುತ್ತದೆ. ಇದು ಹೋಗುತ್ತಿರಲಿಲ್ಲ, ಗೋಡೆಗೆ ಬಡಿದು ಬಡಿದು ವಾಪಸು ಬರುತ್ತಿತ್ತು. ಅಡುಗೆಮನೆಯಿಂದ ಗರಾಜಿಗೆ ಹೋಗುವ ಬಾಗಿಲು ತೆಗೆದೆ. ದೊಡ್ಡ ಬಾಗಿಲು ಮುಚ್ಚಿತ್ತು, ಒಳಗೆ ಉಸಿರು ಕಟ್ಟುವಷ್ಟು ಹೊಗೆ. ಸತ್ಯ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಸೀಟ್ ಬೆಲ್ಟ್ ಹಾಕಿಕೊಂಡಿದ್ದ. ಎರಡೂ ಕೈ ಸ್ಟೀರಿಂಗ್ ಮೇಲೆ, ಎಲ್ಲೋ ಹೊರಟವನ ಹಾಗೆ. ಮುಂದೆ ಗೋಡೆ.

ನಾನು ಗೋಡೆಯ ಗುಂಡಿ ಒತ್ತಿದೆ. ಆ ದೊಡ್ಡ ಬಾಗಿಲು ಎಷ್ಟು ನಿಧಾನವಾಗಿ ಏಳುತ್ತದೆ ಎಂದು ಅವತ್ತು ಗೊತ್ತಾಯಿತು. ಗಾಡಿಯ ಹತ್ತಿರ ಹೋಗಿ ಗಾಜು ತಟ್ಟಿದೆ. ಅವನು ನನ್ನನ್ನು ನೋಡಿ, ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡು, ಎಂಜಿನ್ ಆಫ್ ಮಾಡಿದ.

"ಬೆಚ್ಚಗೆ ಮಾಡ್ತಿದ್ದೆ, ಮಾವ."

"ಸರಿಯಪ್ಪ. ಬೇಳೆ ಬೆಂದಿದೆ, ಬಾ."

ಇಷ್ಟೇ ನಮ್ಮಿಬ್ಬರ ನಡುವೆ ಆದ ಮಾತು. ಅವತ್ತು ಅವನಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಇದನ್ನು ಕನ್ನಡದಲ್ಲಿ ಮುಂದುವರಿಸಲು ನನ್ನ ಕೈ ಬರುವುದಿಲ್ಲ, ಕಾಲೇಜಿನ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಅದು ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ. ಐ ಆಮ್ ಅಫ್ರೇಡ್. ಐ ಆಮ್ ವೆರಿ ಮಚ್ ಅಫ್ರೇಡ್.

ಮರುದಿನ ಆಯಿಲ್ ಬದಲಿಸುವ ನೆಪದಲ್ಲಿ ಅವನನ್ನು ಮನೆಯಿಂದ ಹೊರಡಿಸಿದವನು ನಾನೇ. ಆ ವರ್ಕ್‌ಶಾಪಿನಲ್ಲಿ ಸ್ಟ್ಯಾಕ್ ಇದ್ದ ಗಾಡಿ ಎದುರಿಗೆ ಕಂಡಾಗ ನನ್ನ ತಲೆಯಲ್ಲಿ ಬಂದದ್ದು ಒಂದೇ ಲೆಕ್ಕ. ಮನೆಗೆ ಬಂದು ನಿನ್ನ ಅಮ್ಮನ ಹೊಲಿಗೆ ಡಬ್ಬದಿಂದ ಟೇಪು ತೆಗೆದೆ. ಅವಳು ಹೋಗಿ ಆರು ವರ್ಷವಾದರೂ ಆ ಟೇಪಿಗೆ ಇನ್ನೂ ಅವಳ ಚಾಕ್‌ಪುಡಿ ಅಂಟಿದೆ. ಗರಾಜಿನ ಬಾಗಿಲು ಅಳೆದೆ. ಏಳು ಅಡಿ. ಗಾಡಿಯ ಎತ್ತರ ಆರೂವರೆ, ಅದಕ್ಕೇ ಒಳಗೆ ಹೋಗುತ್ತದೆ. ವರ್ಕ್‌ಶಾಪಿನ ಮುದುಕನಿಗೆ ಫೋನ್ ಮಾಡಿ, ಸ್ಟ್ಯಾಕ್ ಹಾಕಿದರೆ ನೆಲದಿಂದ ಎಷ್ಟು ಎಂದು ಕೇಳಿದೆ. ಎಂಟೂವರೆ ಅಡಿ ಅಂದ.

ಎಂಟೂವರೆ ಅಡಿಯ ಗಾಡಿ ಏಳು ಅಡಿಯ ಬಾಗಿಲಿನಲ್ಲಿ ಹೋಗುವುದಿಲ್ಲ, ಪ್ರಭಾ. ಬಯಲಿನಲ್ಲೇ ನಿಲ್ಲಬೇಕು. ಬೀದಿಯವರೆಲ್ಲ ನೋಡುವ ಕಡೆ, ಗಾಳಿ ಆಡುವ ಕಡೆ. ಸ್ಟ್ಯಾಕಿನ ಟೆಕ್ನಿಕಲ್ ಪಾಯಿಂಟು ಇದೊಂದೇ.

ಗಾಡಿಯನ್ನು ಹೊರಗೇ ನಿಲ್ಲಿಸಪ್ಪಾ ಎಂದು ಬಾಯಿ ಬಿಟ್ಟು ಹೇಳಿದರೆ ಆಗುತ್ತಿರಲಿಲ್ಲವೇ ಎನ್ನುತ್ತೀಯ. ಹೇಳಿದರೆ ನಾನು ಏನು ನೋಡಿದೆನೆಂದು ಅವನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಮಾವನ ಎದುರು ಕೂತು ಅವನು ಹೇಗೆ ಊಟ ಮಾಡಬೇಕು? ನಮ್ಮ ಡಿಪೋದಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಸಾವೋ ಜಗಳವೋ ಆಗಿ ಡ್ರೈವರನೊಬ್ಬ ಸರಿಯಿಲ್ಲವೆಂದು ಕಂಡರೆ, ನೀನು ಸರಿಯಿಲ್ಲ ಎಂದು ಹೇಳುತ್ತಿರಲಿಲ್ಲ. ಗಾಡಿ ಸರಿಯಿಲ್ಲ ಎನ್ನುತ್ತಿದ್ದೆವು. ಬ್ರೇಕ್ ಲೈನಿಂಗ್ ಸವೆದಿದೆ ಎಂದು ಬರೆದು ಬಸ್ಸನ್ನು ರಿಪೇರಿಯ ಪಿಟ್ ಮೇಲೆ ನಿಲ್ಲಿಸಿ, ನೀನು ಇಲ್ಲೇ ಇರಯ್ಯಾ, ಕೈ ಬೇಕಾಗುತ್ತದೆ ಎಂದು ಅವನ ಕೈಗೆ ಸ್ಪ್ಯಾನರ್ ಕೊಡುತ್ತಿದ್ದೆವು. ಎರಡು ದಿನ, ಮೂರು ದಿನ. ಮರ್ಯಾದೆ ಉಳಿಯುತ್ತಿತ್ತು. ಸ್ಟ್ಯಾಕ್ ವಿಷಯದಲ್ಲೂ ನಾನು ಮಾಡಲು ಹೊರಟಿದ್ದು ಅದೇ.

ಗಾಡಿ ಹೊರಗೆ ನಿಲ್ಲಿಸುವುದಕ್ಕೆ ನಮ್ಮ ಬಡಾವಣೆಯ ಮನೆಯವರ ಅಸೋಸಿಯೇಷನ್ ಬಿಡುವುದಿಲ್ಲ ಎಂದು ನೀನು ನೆನಪಿಸಬೇಕಿಲ್ಲ. ಪಿಕಪ್ಪುಗಳು ರಾತ್ರಿ ಗರಾಜಿನೊಳಗೇ ಇರಬೇಕೆಂಬ ರೂಲು ನನಗೆ ಗೊತ್ತು. ಅವರಿಗೆ ಈಗಾಗಲೇ ಅರ್ಜಿ ಹಾಕಿದ್ದೇನೆ. 'ರೆಸ್ಪೆಕ್ಟೆಡ್ ಮೇಡಮ್, ಐ ಮೋಸ್ಟ್ ಹಂಬ್ಲಿ ಬೆಗ್ ಟು ಸಬ್ಮಿಟ್' ಎಂದು ಶುರುಮಾಡಿ ಎರಡು ಪುಟ. ಅಸೋಸಿಯೇಷನ್ನಿನ ಹೆಂಗಸು ಗಾಬರಿಯಾಗಿ ಸತ್ಯನಿಗೆ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಯಾರು ಭಿಕ್ಷೆ ಬೇಡುತ್ತಿದ್ದಾರೆ ಎಂದು ಕೇಳಿದಳಂತೆ. ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತು ಖಾಲಿ, ಈಗ ಯಾರು ಎಲ್ಲಿ ಗಾಡಿ ನಿಲ್ಲಿಸಿದರೇನು, ನಿಲ್ಲಿಸಿಕೊಳ್ಳಿ ಅಂದಳಂತೆ.

ಇಲ್ಲಿಗೆ ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಆದರೆ ನಿನ್ನೆಯಿಂದ ನನಗೆ ಮಲ್ಲಪ್ಪ ನೆನಪಾಗುತ್ತಿದ್ದಾನೆ. ನೀನು ಐದನೇ ಕ್ಲಾಸಿನಲ್ಲಿದ್ದೆ. ನಮ್ಮ ಡ್ರೈವರು, ಹಾವೇರಿ ಕಡೆಯವನು, ನಿನಗೆ ಕಡಲೆಕಾಯಿ ತಂದುಕೊಡುತ್ತಿದ್ದ. ಕೆರೆಗೆ ಕಾಲು ಜಾರಿ ಬಿದ್ದು ಹೋದ ಎಂದು ನಿನಗೆ ಹೇಳಿದ್ದೆವು. ಕಾಲು ಜಾರಿರಲಿಲ್ಲ.

ಅವನ ಬಸ್ಸಿಗೆ ಒಬ್ಬಳು ಮುದುಕಿ ಅಡ್ಡ ಬಂದು ಸತ್ತಿದ್ದಳು. ತಪ್ಪು ಅವನದಲ್ಲ, ಆದರೂ ಸಸ್ಪೆಂಡ್ ಆದ. ದಿನಾ ಡಿಪೋಗೆ ಬಂದು ನಿಂತಿದ್ದ ತನ್ನ ಬಸ್ಸಿನೊಳಗೆ ಹತ್ತಿ ಸ್ಟೀರಿಂಗ್ ಹಿಡಿದು ಕೂರುತ್ತಿದ್ದ. ಸಸ್ಪೆಂಡ್ ಆದವರು ಗಾಡಿ ಹತ್ತಬಾರದು ಎಂದು ರೂಲು. ನಾನು ಹೊಸದಾಗಿ ಫೋರ್‌ಮನ್ ಆಗಿದ್ದೆ. ಅವನು ಗಾಡಿಯಲ್ಲಿ ಏನಾದರೂ ಮಾಡಿಕೊಂಡಾನು ಎಂಬ ಹೆದರಿಕೆಯೂ ಇತ್ತು. ಬಸ್ಸಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಡ್ರಾಯರಿನಲ್ಲಿಟ್ಟುಕೊಂಡು, ಮನೆಗೆ ಹೋಗಯ್ಯಾ ಅಂದೆ. ಅವನು ಹೋದ. ಮೂರನೇ ದಿನ ಕೆರೆ ಏರಿಯ ಮೇಲೆ ಅವನ ಚಪ್ಪಲಿ ಸಿಕ್ಕವು.

ಹದಿನೈದು ದಿನ ಬಿಟ್ಟು ಅವನ ಹೆಂಡತಿ ಗಂಗವ್ವ ಡಿಪೋಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ನನ್ನ ಟೇಬಲ್ಲಿನ ಎದುರು ನಿಂತು ಕೇಳಿದಳು. "ಸಾಹೇಬ್ರ, ಗಾಡಿ ಕೀಲಿ ಇಸಗೊಂಡ್ರಿ, ಚೊಲೋ ಮಾಡಿದ್ರಿ. ಆಮ್ಯಾಲ ಆತನ ಜೋಡಿ ಯಾರ ಕುಂತಿದ್ರು?"

ಸ್ಟ್ಯಾಕ್ ಹಾಕಿಸಿದರೆ ಒಂದು ಬಾಗಿಲು ಮುಚ್ಚುತ್ತದೆ, ಅಷ್ಟೇ. ಊರಲ್ಲಿ ಕೆರೆ ಇತ್ತು, ಇಲ್ಲಿ ಬೇರೆ ಏನೋ ಇರುತ್ತದೆ. ಕೊಳವೆ ಎಷ್ಟು ಉದ್ದ ಇದ್ದರೂ ಅದು ಅವನ ಜೊತೆ ಕೂತು ಮಾತಾಡುವುದಿಲ್ಲ. ನಾನು ಕೂರುತ್ತಿದ್ದೇನೆ, ಆದರೆ ನಾನು ಮಾವ, ನನ್ನ ಎದುರು ಅವನು ಅಳುವುದಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಈ ವಿಷಯವನ್ನು ಡಾಕ್ಟರಿಗೆ ಹೇಳುವಷ್ಟು ಇಂಗ್ಲಿಷ್ ನನಗೆ ನೆನಪಿಲ್ಲ. ಬೆಗ್ ಟು ಸಬ್ಮಿಟ್ ಎಂದು ಶುರುಮಾಡಿದರೆ ಅವರಿಗೆ ಏನು ತಿಳಿದೀತು?

ಆದ್ದರಿಂದ ಸ್ಟ್ಯಾಕ್ ಬೇಕೋ ಬೇಡವೋ ಎಂಬುದನ್ನು ನಿನಗೆ ಬಿಟ್ಟಿದ್ದೇನೆ. ಬೇಡ ಎಂದಾದರೆ ಬೇಡ. ಆದರೆ ಫೋನಿನಲ್ಲಿ ಹೇಳಬೇಡ. ಶನಿವಾರ ಒಂಬತ್ತರೊಳಗೆ ಇಲ್ಲಿಗೆ ಬಂದು, ಅವನ ಎದುರು ನಿಂತು, ಟ್ರಕ್ಕಿಗೆ ಕೊಂಬು ಬೇಡ ಎಂದು ಎಷ್ಟು ಗಟ್ಟಿಯಾಗಿ ಬೇಕಾದರೂ ಬೈಯಿ. ನೀನು ಬೈದರೆ ಅವನು ಬಾಯಿ ಬಿಡುತ್ತಾನೆ, ನನಗೆ ಗೊತ್ತು. ನಿನ್ನ ಆಸ್ಪತ್ರೆಯ ಫಾರ್ಮಸಿಯಲ್ಲಿ ರಜೆ ಕೊಡುವುದಿಲ್ಲ ಎಂದರೆ, ಅಪ್ಪನಿಗೆ ಹುಷಾರಿಲ್ಲ ಎಂದು ಹೇಳು. ಅದು ಪೂರ್ತಿ ಸುಳ್ಳೂ ಅಲ್ಲ. ಧೃತಿಯನ್ನೂ ಕರೆತಾ. ಅವಳು ಅವನನ್ನು ನಗಿಸುತ್ತಾಳೆ.

ಅಕ್ಷರ ಕೆಟ್ಟಿದೆ. ಚಳಿಗೆ ಎಂದು ಬರೆಯೋಣವೆಂದಿದ್ದೆ, ಹೀಟರ್ ಎಪ್ಪತ್ತೆರಡಕ್ಕಿದೆ, ಮನೆ ಬೆಚ್ಚಗಿದೆ.

ಬಾಗಿಲ ಕಡೆ ಕಿವಿ ಇಟ್ಟುಕೊಂಡೇ ಇರುವ ನಿನ್ನ ಅಪ್ಪ,
ಶ್ಯಾಮರಾವ್

ಮ.ಬ: ಈಗ ಪೊಟ್ಟಣ ಬಿಚ್ಚು. ಗಾಡಿಯ ಕೀಲಿಗಳು. ಇರುವುದು ಇವೆರಡೇ, ಎರಡೂ ಒಂದೇ ಗೊಂಚಲಿನಲ್ಲಿದ್ದವು. ವಾಪಸು ಅಂಚೆಗೆ ಹಾಕಬೇಡ, ನೀನೇ ತಾ. ನಾಳೆ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಅವನನ್ನೂ ಕರೆದುಕೊಂಡೇ ಹೋಗಿ ಇದನ್ನು ಅಂಚೆಪೆಟ್ಟಿಗೆಗೆ ಹಾಕುತ್ತೇನೆ. ಕೀಲಿಗೊಂಚಲು ನನ್ನ ಕೈಯಿಂದ ಹಿಮದಲ್ಲಿ ಎಲ್ಲೋ ಬಿದ್ದುಹೋಯಿತು ಎಂದು ಇವತ್ತು ಮಧ್ಯಾಹ್ನವೇ ಹೇಳಿದ್ದೇನೆ. ಸತ್ಯ ಸಲಿಕೆ ತಂದ. ಕತ್ತಲಾಗುವವರೆಗೆ ಇಬ್ಬರೂ ಹಿಮ ಎತ್ತಿ ಎತ್ತಿ ಹುಡುಕಿದೆವು. ಸಿಗಲಿಲ್ಲ. ನಾಳೆ ಗೇಟಿನ ಆ ಕಡೆ ನೋಡೋಣ ಮಾವ, ಅಂದಿದ್ದಾನೆ. ನೀನು ಬರುವ ತನಕ ಹುಡುಕುತ್ತಲೇ ಇರುತ್ತೇವೆ. ಅವನನ್ನು ಒಬ್ಬನೇ ಹುಡುಕಲು ಬಿಡುವುದಿಲ್ಲ.